ನೀರಕ್ಕನ ಸ್ಟೂಲುಗಳು

"ಈ ಮನೇಲಿ ಕೂತ್ಕೊಳ್ಳೋಕೆ ಒಂದು ಸ್ಟೂಲಾದ್ರೂ ಇಲ್ವಾ?"

ಹಾಗೆ ಕೇಳಿದವನು ಮುದುಕ ಪ್ಲಂಬರ್. ಪಾಪ, ಮಂಡಿ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಹುಡುಕಿದ್ದ, ಮಂಚದ ಕೆಳಗೆ ಬಗ್ಗಿ ನೋಡಿದ್ದ, ಕೊನೆಗೆ ತಡೆಯಲಾರದೆ ಬಾಯಿಬಿಟ್ಟು ಕೇಳಿಯೇಬಿಟ್ಟ. ಕೇಳಿದ ಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಹಜಾರದಲ್ಲಿ ಸತ್ತವಳ ಸುತ್ತ ನಿಂತಿದ್ದ ಅಷ್ಟೂ ಜನ ಬಾಗಿಲ ಬಳಿಯಿದ್ದ, ತಂತಿಬೇಲಿ ಹಾಕುವ ಕಸುಬಿನ ಬೇಲಿಯವನ ಕಡೆ ಒಮ್ಮೆ ನೋಡಿ, ನೋಡಿಯೇ ಇಲ್ಲವೆಂಬಂತೆ ತಲೆ ತಗ್ಗಿಸಿದರು.

ಬೇಲಿಯವನೇನು ಕುರುಡನೇ? ಎಲ್ಲ ಕಂಡಿತು. ಸತ್ತವಳು ಅವನ ಒಡಹುಟ್ಟಿದ ಅಕ್ಕ. ಈ ಮನೆಯ ಸ್ಟೂಲುಗಳೆಲ್ಲ ಒಂದೊಂದಾಗಿ ಹೊರಟುಹೋದದ್ದು ಅವನೇ ಹಾಕಿದ ಬೇಲಿಯ ಬುಡಕ್ಕೆ. ಕೇರಿಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿದ್ದ ಸಂಗತಿ ಅದು. ಒಲೆಯ ಪಕ್ಕದ ಮೂಲೆಯನ್ನು ಬೇಲಿಯವನೂ ಆಗಲೇ ಇಣುಕಿ ನೋಡಿದ್ದ. ಹದಿನಾಲ್ಕನೇ ವಯಸ್ಸಿನಲ್ಲಿ ಬಡಗಿಯ ಹತ್ತಿರ ಕೆಲಸ ಕಲಿಯುವಾಗ ಅವನು ಮಾಡಿದ ಮೊದಲ ಸ್ಟೂಲು ಅಲ್ಲಿರುತ್ತಿತ್ತು. ಒಂದು ಕಾಲು ಗಿಡ್ಡ, ಕೂತರೆ ಕುಂಟುತ್ತಿತ್ತು. ಅಕ್ಕ ಅದನ್ನು ಐವತ್ತು ವರ್ಷ ಅಲ್ಲಾಡಿಸದೆ ಇಟ್ಟುಕೊಂಡಿದ್ದಳು. ಈಗ ನೆಲದ ಮೇಲೆ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು.

ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ನೀರಕ್ಕ. ಗುಡ್ಡದ ಮೇಲಿನ ನೀರಿನ ಟ್ಯಾಂಕಿನಲ್ಲಿ ಮೂವತ್ತಾರು ವರ್ಷ ವಾಲ್ವ್ ತಿರುಗಿಸಿದವಳು. ಬೆಳಗ್ಗೆ ಐದೂವರೆಗೆ ಸರಿಯಾಗಿ ಕೇರಿಯ ನಲ್ಲಿಗಳು ಒಮ್ಮೆ ಉಸ್ಸೆನ್ನುತ್ತಿದ್ದವು, ಆಮೇಲೆ ನೀರು. ಆ ವಾಲ್ವನ್ನು ಒಮ್ಮೆಲೇ ತೆರೆಯುವಂತಿಲ್ಲ. ಪೈಪು ಹಳೆಯದು, ಗಾಳಿ ನುಗ್ಗಿದರೆ ಒಡೆದುಹೋಗುತ್ತದೆ. ಒಟ್ಟು ಹತ್ತೊಂಬತ್ತು ಸುತ್ತು. ಎರಡು ಸುತ್ತು ತಿರುಗಿಸಬೇಕು, ಕಿವಿಗೊಟ್ಟು ಕೇಳಬೇಕು, ಮತ್ತೆ ಎರಡು. "ಸಿಡುಕು ಗಂಡನ್ನ ಎಬ್ಬಿಸಿದ ಹಾಗೆ ಎಬ್ಬಿಸಬೇಕು ನೀರನ್ನ" ಎನ್ನುತ್ತಿದ್ದಳು, ಗಂಡ ಸತ್ತು ಇಪ್ಪತ್ತು ವರ್ಷ ಕಳೆದ ಮೇಲೂ.

ಹತ್ತು ವರ್ಷದ ಹಿಂದೆ ಅವಳಿಗೆ ನಿವೃತ್ತಿಯಾಯಿತು, ವಾಲ್ವಿಗೆ ಯಂತ್ರ ಬಂತು. ನೀರಕ್ಕ ಯಂತ್ರವನ್ನು ನಂಬುವ ಪೈಕಿಯೇ? ದಿನಾ ಐದಕ್ಕೆ ಹೊರಟು, ಕಾಲುದಾರಿ ಹಿಡಿದು ಗುಡ್ಡ ಹತ್ತಿ, ಯಂತ್ರದ ಪಕ್ಕ ನಿಂತು ನೀರು ಇಳಿಯುವ ಸದ್ದು ಕೇಳಿಸಿಕೊಂಡು ಬರುತ್ತಿದ್ದಳು. ಯಂತ್ರ ಕೈಕೊಟ್ಟ ದಿನ ತನ್ನ ಹಳೇ ಕಬ್ಬಿಣದ ಕೀಲಿ ಸಿಕ್ಕಿಸಿ ತಾನೇ ತಿರುಗಿಸುತ್ತಿದ್ದಳು. ಯಾವ ದಿನ ಯಂತ್ರ ಕೆಟ್ಟಿತ್ತು ಎಂಬುದು ಕೆಳಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ನಿನ್ನೆ ಬೆಳಗ್ಗೆ ಹೊಸ್ತಿಲ ಮೇಲೆ ಕೂತು ಒಂದು ಚಪ್ಪಲಿ ಮೆಟ್ಟಿಕೊಂಡವಳು ಇನ್ನೊಂದಕ್ಕೆ ಕೈ ಚಾಚಿ ಹಾಗೆಯೇ ಗೋಡೆಗೆ ಒರಗಿದ್ದಳು.

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು.

"ಇನ್ನೂ ಎಷ್ಟು ಹೊತ್ತು?" ಗಾಡಿಯವನು ಕಿಟಕಿಯಿಂದ ತಲೆ ಹಾಕಿದ. "ರಸ್ತೆ ಬಳಸಿಕೊಂಡು ಹೋಗೋಕೆ ಮುಕ್ಕಾಲು ಗಂಟೆ ಬೇಕು. ಗುಡ್ಡದ ಹಿಂದಿನ ಸ್ಮಶಾನ ಅಂದ್ರೆ ಪಕ್ಕದ ಮನೆಯಾ?"

"ಕಾಲುದಾರೀಲಿ ಹನ್ನೆರಡೇ ನಿಮಿಷ" ಎಂದಳು ಎದುರುಮನೆಯ ಟೈಲರಮ್ಮ, ಮೂಗು ಒರೆಸಿಕೊಳ್ಳುತ್ತಾ. "ಪಾಪ, ಅವರ ಆಸೆ ಒಂದೇ ಇತ್ತು. ಅದೂ..."

"ಟೈಲರಮ್ಮಾ, ಸುಮ್ನಿರಿ" ಎಂದಳು ನೀರಕ್ಕನ ಮಗಳು.

"ಏನು ಆಸೆ?" ಬೇಲಿಯವ ಕೇಳಿದ.

ಟೈಲರಮ್ಮ ಮುಖ ಆಚೆ ಮಾಡಿದಳು. ಅವನು ಅಕ್ಕನ ಮಗಳ ಕಡೆ ತಿರುಗಿದ.

"ಕೇಳಿದ್ದು ನಿನ್ನನ್ನೇ ಕಣೇ. ಏನು ಆಸೆ?"

ಮಗಳು ಸೋದರಮಾವನನ್ನು ಹಿತ್ತಲ ಬಾಗಿಲಿಗೆ ಕರೆದುಕೊಂಡು ಹೋದಳು. "ಅಮ್ಮ ಮೊದಲೇ ಎರಡು ಮಾತು ಹೇಳಿಟ್ಟಿದ್ರು ಮಾವ. ನನ್ನನ್ನ ಗಾಡೀಲಿ ಹಾಕಬೇಡಿ, ನನ್ನ ದಾರೀಲೇ ಹೊತ್ಕೊಂಡು ಹೋಗಿ ಅಂದ್ರು. ಆಮೇಲೆ, ಇದನ್ನ ಪುಟ್ಟನಿಗೆ ಮಾತ್ರ ಹೇಳಬೇಡ, ಅವನು ಮಾತು ಕೊಟ್ಟು ಸಿಕ್ಕಿಹಾಕಿಕೊಂಡಿದಾನೆ, ಸತ್ತ ಮೇಲೂ ನಾನ್ಯಾಕೆ ಅವನಿಗೆ ಸಂಕಟ ಕೊಡಲಿ ಅಂದ್ರು. ಬೇಲಿ ಬಿಚ್ಚದೆ ದಾರಿ ಇಲ್ಲ. ನಿಮ್ಮನ್ನ ಕೇಳದೆ ಬೇಲಿ ಬಿಚ್ಚೋ ಹಾಗಿಲ್ಲ. ನಾನೇನು ಮಾಡಲಿ? ಗಾಡಿಗೆ ಹೇಳಿದೆ."

ಅರವತ್ತನಾಲ್ಕು ವರ್ಷದ ಬೇಲಿಯವನನ್ನು ಪುಟ್ಟ ಎಂದು ಕರೆಯುವವಳು ಲೋಕದಲ್ಲಿ ಒಬ್ಬಳೇ ಇದ್ದಳು.

*

ಅವನ ಕೆಲಸಕ್ಕೆ ಒಂದು ಹೆಸರಿತ್ತು. ನಲವತ್ತು ವರ್ಷದಲ್ಲಿ ಅವನು ಎಳೆದ ತಂತಿ ಜೋತುಬಿದ್ದದ್ದಿಲ್ಲ, ನೆಟ್ಟ ಗೂಟ ವಾಲಿದ್ದಿಲ್ಲ. ಕೆಲಸ ಒಪ್ಪಿಕೊಳ್ಳುವಾಗಲೇ ಹೇಳುತ್ತಿದ್ದ: "ಹತ್ತು ವರ್ಷ ಈ ಬೇಲಿ ನನ್ನದು. ಒಂದು ಮೊಳೆ ಸಡಿಲ ಆದ್ರೂ ನಾನೇ ಬಂದು ಬಡೀತೀನಿ. ಬೇರೆಯವರ ಕೈಯಲ್ಲಿ ಮುಟ್ಟಿಸಬೇಡಿ." ತಾನು ಬಿಗಿದ ತಂತಿಯನ್ನು ತಾನೇ ಕತ್ತರಿಸುವುದು ಅವನ ಮಟ್ಟಿಗೆ ಆಗದ ಮಾತು. ಊರಲ್ಲಿ ಜನ ಅವನ ಬೇಲಿಗೆ ಕೊಡುತ್ತಿದ್ದ ಮರ್ಯಾದೆ ಆ ಒಂದು ಮಾತಿನ ಮೇಲೆ ನಿಂತಿತ್ತು.

ಮೂರು ವರ್ಷದ ಹಿಂದೆ ನರ್ಸರಿಯ ಯಜಮಾನ ಕರೆಸಿದ್ದ. ಕೇರಿಗೂ ಗುಡ್ಡಕ್ಕೂ ನಡುವೆ ಇದ್ದದ್ದು ಅವನ ಜಮೀನು, ಕಾಲುದಾರಿ ಅದರ ನಡುವೆಯೇ ಹಾದುಹೋಗುತ್ತಿತ್ತು. ಯಜಮಾನನ ಕಷ್ಟವೂ ಸುಳ್ಳಲ್ಲ. ಸಸಿ ಕಿತ್ತುಕೊಂಡು ಹೋಗುತ್ತಿದ್ದರು, ಕುಂಡ ಒಡೆಯುತ್ತಿದ್ದರು, ದನ ನುಗ್ಗಿ ಒಂದು ಸಾಲು ಗುಲಾಬಿಯನ್ನೇ ಮೇದು ಹೋಗಿದ್ದವು. "ಕೇರಿ ಕಡೆ ಪೂರ್ತಿ ಬೇಲಿ ಬೇಕು" ಎಂದ. ಬೇಲಿಯವ ತನ್ನ ಹತ್ತು ವರ್ಷದ ಮಾತು ಕೊಟ್ಟ. ಪೂರ್ತಿ ಅಂದರೆ ಎಷ್ಟು ಪೂರ್ತಿ ಎಂದು ಕೇಳಲಿಲ್ಲ. ದಾರಿ ಇದ್ದ ಕಡೆ ಜನ ನುಸುಳುವಷ್ಟು ಸಂದು ಬಿಡುವುದು ಯಾವ ಬೇಲಿಗೂ ಇದ್ದದ್ದೇ, ಇದಕ್ಕೂ ಇರುತ್ತದೆ ಎಂದುಕೊಂಡ. ಮೂರನೇ ದಿನ ಗುಂಡಿ ತೋಡುತ್ತಾ ದಾರಿಯ ಹತ್ತಿರ ಬಂದಾಗ ಯಜಮಾನ ಹೇಳಿದ, "ಇಲ್ಲೂ ಸಂದು ಬೇಡ. ಮುಚ್ಚಿಬಿಡಿ."

ಮಾತು ಕೊಟ್ಟಾಗಿತ್ತು. ಅರ್ಧ ಗೂಟ ನೆಟ್ಟಾಗಿತ್ತು. ಅವತ್ತೂ ಅಕ್ಕ ಫ್ಲಾಸ್ಕಿನಲ್ಲಿ ಟೀ ತಂದಿದ್ದಳು.

"ದಾರಿ ಮೇಲೂ ತಂತಿ ಬರುತ್ತಾ ಪುಟ್ಟಾ?"

"ಬರುತ್ತೆ."

"ಮಾತು ಕೊಟ್ಟುಬಿಟ್ಟಿದೀಯಾ?"

"ಹೂಂ."

ಅವಳು ಬೈಯಲಿ ಎಂದು ಅವನು ಕಾದ. ಎರಡು ಏಟು ಹಾಕಿದ್ದರೂ ತಿನ್ನುತ್ತಿದ್ದ. ಅವಳು ಟೀ ಬಗ್ಗಿಸಿ ಕೊಟ್ಟಳು.

"ಬೇರೆ ಯಾವನಾದ್ರೂ ಹಾಕಿದ್ರೆ ಬಚಾವಾಗ್ತಿದ್ದೆ. ಎರಡು ತಿಂಗಳಿಗೆ ಜೋತುಬೀಳ್ತಿತ್ತು, ಸಲೀಸಾಗಿ ದಾಟ್ತಿದ್ದೆ. ನಿನ್ನ ಬೇಲಿ ಅಂದ್ರೆ ಮುಗೀತು. ನಾನು ಸತ್ತ ಮೇಲೂ ಸೆಟೆದು ನಿಂತಿರುತ್ತೆ, ಹಾಳಾದ್ದು!" ಎಂದು ನಕ್ಕಳು. ಅವನಿಗೆ ನಗು ಬರಲಿಲ್ಲ.

ಮಾತಿನಂತೆ ಬೇಲಿ ಹಾಕಿದ, ಐದು ಎಳೆ ಮುಳ್ಳುತಂತಿ. ಆದರೆ ದಾರಿಯ ಬಲಕ್ಕೆ ನೆಟ್ಟ ಗೂಟ ಮಿಕ್ಕವಕ್ಕಿಂತ ಒಂದು ಮೊಳ ಎತ್ತರವಾಗಿತ್ತು, ಹತ್ತುವವರು ಹಿಡಿದುಕೊಳ್ಳುವಷ್ಟು. ಅದರ ಪಕ್ಕ ಎರಡು ಮೊಳದಷ್ಟು ಉದ್ದ ಮೇಲಿನ ತಂತಿಗೆ ಮುಳ್ಳೇ ಇರಲಿಲ್ಲ. ಇಕ್ಕಳದಿಂದ ಒಂದೊಂದೇ ಕಿತ್ತಿದ್ದ.

"ಇದೇನು, ಈ ಗೂಟ ಉದ್ದ?" ಎಂದು ಕೇಳಿದ್ದ ಯಜಮಾನ.

"ಅಳತೆ ತಪ್ಪಿತು."

"ಇಲ್ಲಿ ಮುಳ್ಳೇ ಇಲ್ಲವಲ್ಲ?"

"ಸರಕು ಹಾಗೇ ಬಂದಿರಬೇಕು."

ಅಳತೆ ತಪ್ಪದ ಮನುಷ್ಯ ಕೆಲಸ ಗೊತ್ತಿಲ್ಲದವನಂತೆ ತಲೆ ಕೆರೆದುಕೊಂಡು ನಿಂತ. ಅಕ್ಕನಿಗೆ ಅವನು ಏನೂ ಹೇಳಲಿಲ್ಲ. ಹೇಳುವುದೇ ಬೇಕಿರಲಿಲ್ಲ. ಮಾರನೇ ಬೆಳಗ್ಗೆ ನೀರಕ್ಕ ಎರಡು ಸ್ಟೂಲು ತಂದು ಒಂದನ್ನು ಬೇಲಿಯಾಚೆ ಇಳಿಬಿಟ್ಟಳು, ಒಂದನ್ನು ಈಚೆ ಇಟ್ಟಳು, ಎತ್ತರದ ಗೂಟ ಹಿಡಿದು ಹತ್ತಿ ಇಳಿದು ನಡೆದಳು. ಅರವತ್ತೇಳು ವರ್ಷದ ಹೆಂಗಸು! ತನ್ನ ನೆಲದೊಳಗೆ ಇಟ್ಟ ಸ್ಟೂಲನ್ನು ಯಜಮಾನ ಎತ್ತಿಕೊಂಡು ಹೋದ. ಅವಳು ಇನ್ನೊಂದು ತಂದಳು. ಒಂದೆರಡು ತಿಂಗಳಿಗೆ ಅದೂ ಹೋಯಿತು. ಮನೆಯ ಸ್ಟೂಲುಗಳು ಖಾಲಿಯಾಗತೊಡಗಿದಾಗ ಕೇರಿಯವರು ಕೊಟ್ಟರು. "ನಮ್ಮದೂ ಒಂದು ತಗೊಳ್ಳಿ ನೀರಕ್ಕ, ಹೇಗೂ ಹಳೇದು" ಎಂದು ಟೈಲರಮ್ಮ ಕೊಟ್ಟದ್ದು ಮಾತ್ರ ಹೊಚ್ಚಹೊಸತು. ಒಂದು ದಿನವೂ ನೀರಕ್ಕ ಯಜಮಾನನ ಮೇಲೆ ಕೂಗಾಡಲಿಲ್ಲ, ತಮ್ಮನ ಹತ್ತಿರ ಬೇಲಿಯ ಮಾತೆತ್ತಲಿಲ್ಲ. ಬೇಲಿಯವ ಮಾತ್ರ ಆ ಕಡೆ ಸುಳಿಯುವುದನ್ನೇ ಬಿಟ್ಟ. ಗುಡ್ಡದ ಕಡೆ ಕೆಲಸವಿದ್ದರೆ ರಸ್ತೆ ಬಳಸಿಕೊಂಡು ಹೋಗುತ್ತಿದ್ದ.

*

"ಗಾಡಿಯವನನ್ನ ಕಳಿಸಿಬಿಡು" ಎಂದ ಬೇಲಿಯವ.

"ಮಾವಾ..."

"ಕಾಲು ಗಂಟೆ ಬಿಟ್ಟು ಎತ್ತಿ. ದಾರೀಲೇ ಬನ್ನಿ."

ಮನೆಗೆ ಹೋಗಿ ಉಪಕರಣದ ಚೀಲ ಹೆಗಲಿಗೇರಿಸಿದ. ಮೂರು ವರ್ಷದ ಮೇಲೆ ಬೇಲಿಯ ಮುಂದೆ ಬಂದು ನಿಂತ. ಬೇಲಿ ಕೆಟ್ಟದಾಗಿರಲಿ, ಒಂದಾದರೂ ಗೂಟ ವಾಲಿರಲಿ ಎಂದು ಮನಸ್ಸು ಬೇಡುತ್ತಿತ್ತು. ಎಲ್ಲಿಯ ಮಾತು! ನಿನ್ನೆ ಹಾಕಿದ ಹಾಗಿತ್ತು. ಎತ್ತರದ ಗೂಟದ ತುದಿ ಮಾತ್ರ ಕೈ ತಾಗಿ ತಾಗಿ ನುಣುಪಾಗಿ ಹೊಳೆಯುತ್ತಿತ್ತು.

ಈಚೆ ಬದಿಯಲ್ಲಿ ಕೇರಿಯ ಯಾರದೋ ನೀಲಿ ಸ್ಟೂಲು. ಆಚೆ ಬದಿಯಲ್ಲಿ, ತಂತಿಗೆ ಒತ್ತಿಕೊಂಡು, ಅವನ ಕುಂಟು ಸ್ಟೂಲು ಇತ್ತು.

ಗಿಡ್ಡ ಕಾಲಿಗೆ ಟೈರಿನ ತುಂಡು ಕಟ್ಟಿ ಸಮ ಮಾಡಿದ್ದಳು. ಎಲ್ಲವನ್ನೂ ಕೊಟ್ಟು ಮುಗಿಸಿ, ಇದೊಂದನ್ನು ಕಡೆಯವರೆಗೆ ಉಳಿಸಿಕೊಂಡಿದ್ದಳು. ಬೇಲಿಯವ ತಂತಿ ಹಿಡಿದು ನಿಂತು ಬಿಕ್ಕಿ ಬಿಕ್ಕಿ ಅತ್ತ. ಅತ್ತು ಮುಗಿಸಿ, ಕಣ್ಣೊರೆಸಿ, ಚೀಲ ಬಿಚ್ಚಿದ.

"ಏನು ಮಾಡ್ತಿದೀರಿ?"

ನರ್ಸರಿಯ ಯಜಮಾನ ಸಸಿ ಬೆಳೆಸುವ ಗಾಜಿನ ಮನೆಯ ಕಡೆಯಿಂದ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡಿದ್ದ, ಕೈಯಲ್ಲಿ ಒಂದು ಹಿಡಿ ಹೂವಿತ್ತು. ಸಾವಿನ ಮನೆಗೆ ಹೊರಟವನ ಹಾಗೂ ಇದ್ದ, ಹೊರಡಲಾರದವನ ಹಾಗೂ ಇದ್ದ.

"ಬೇಲಿ ಬಿಚ್ತಾ ಇದೀನಿ ಯಜಮಾನ್ರೇ. ನಮ್ಮಕ್ಕ ಈ ದಾರೀಲಿ ಹೋಗ್ತಾಳೆ."

"ಒಂದು ಸಲ ಬಿಚ್ಚಿದ್ರೆ ಮುಗೀತು. ನಾಳೆಯಿಂದ ನನ್ನ ಜಮೀನು ಬೀದಿ ಆಗುತ್ತೆ. ನೀವು ಹತ್ತು ವರ್ಷ ಅಂದಿದ್ರಿ."

"ಅಂದಿದ್ದೆ."

"ಮೂರಾಯ್ತು ಅಷ್ಟೇ."

"ಲೆಕ್ಕ ಸರಿಯಾಗಿದೆ. ಮೂರೇ ವರ್ಷಕ್ಕೆ ಮಾತು ತಪ್ತಾ ಇದೀನಿ. ಊರಿಗೆಲ್ಲ ಹೇಳಿ, ಬೇಲಿಯವನ ಮಾತು ಇಷ್ಟೇ ಅಂತ. ನಾನೂ ಇಲ್ಲ ಅನ್ನಲ್ಲ."

ಇದನ್ನು ಹೇಳಿದ ಮೇಲೆ ಅವನ ಕೈ ಹಗುರವಾಯಿತು. ಬಿಗಿದ ತಂತಿಯನ್ನು ಸುಮ್ಮನೆ ಕತ್ತರಿಸಿದರೆ ಹಾವಿನಂತೆ ಹಾರಿ ಮುಖ ಸೀಳುತ್ತದೆ. ಅವನು ದಾರಿಯ ಎರಡೂ ಕಡೆಯ ಗೂಟಗಳಿಗೆ ಒಂದೊಂದು ಎಳೆಯನ್ನೂ ಸುತ್ತಿ ಕಟ್ಟಿದ, ಹೊಸ ಮೊಳೆ ಬಡಿದ, ಎಳೆದು ನೋಡಿದ. ಆಮೇಲೆ ನಡುವೆ ಕಟ್ಟರ್ ಇಟ್ಟ. ಮೊದಲ ಎಳೆ ಟಂಗ್ ಎಂದಿತು. ಆ ಸದ್ದಿಗೆ ಅವನೇ ಬೆಚ್ಚಿದ.

ಯಜಮಾನ ತಡೆಯಲಿಲ್ಲ. ಹೂ ಹಿಡಿದುಕೊಂಡೇ ನಿಂತಿದ್ದ. ಮೂರನೇ ಎಳೆ ಹೋದಾಗ ತಾನಾಗಿಯೇ ಮಾತಾಡಿದ.

"ಹೋದ ಚಳಿಗಾಲದಲ್ಲಿ ಗಾಜಿನ ಮನೆ ಕೆಳಗೆ ಪೈಪು ಒಡೆದಿತ್ತು, ಗೊತ್ತಾ ನಿಮಗೆ?"

"ಇಲ್ಲ."

"ನೆಲದೊಳಗೆ. ಮೇಲೆ ಒಂದು ಹನಿ ಇಲ್ಲ. ನಿಮ್ಮಕ್ಕ ಹೀಗೆ ಹೋಗ್ತಾ ಅಂಗಾಲಲ್ಲೇ ಕಂಡುಹಿಡಿದ್ರಂತೆ, ನೆಲ ಅದುರ್ತಾ ಇದೆ ಅಂತ. ಬಾಗಿಲು ಬಡಿದು ನನ್ನನ್ನ ಎಬ್ಬಿಸಿ, ತಾವೇ ಓಡಿಹೋಗಿ ಮೇಲೆ ವಾಲ್ವ್ ಮುಚ್ಚಿದ್ರು. ಇನ್ನರ್ಧ ಗಂಟೆ ಕಳೆದಿದ್ರೆ ನೆಲ ಕುಸಿದು ಅಷ್ಟೂ ಗಾಜು ಪುಡಿಯಾಗ್ತಿತ್ತು." ಅವನು ಹೂವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಅವತ್ತು ಸಂಜೆ ನಾನೇನು ಮಾಡಿದೆ ಹೇಳಿ? ಎಂದಿನ ಹಾಗೆ ಅವರ ಸ್ಟೂಲು ಎತ್ತಿ ಒಳಗಿಟ್ಟೆ. ಅಭ್ಯಾಸ ಆಗಿಹೋಗಿತ್ತು. ಮಾರನೇ ದಿನ ಅವರು ಇನ್ನೊಂದು ತಂದ್ರು. ಒಂದು ಮಾತು ಆಡಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

"ಅವಳು ಬೈಯಲ್ಲ" ಎಂದ ಬೇಲಿಯವ. "ಅದೇ ಕಷ್ಟ ಅವಳದ್ದು."

"ಈ ಸ್ಟೂಲು ಮೊನ್ನೇದು. ನಿನ್ನೆ ಅವರು ಬರಲಿಲ್ಲವಲ್ಲ... ಎತ್ತೋಕೆ ಮನಸ್ಸಾಗಲಿಲ್ಲ."

ನಾಲ್ಕನೆಯದು, ಐದನೆಯದು. ಬೇಲಿಯಲ್ಲಿ ಬಾಗಿಲಷ್ಟು ಅಗಲದ ಸಂದು ತೆರೆಯಿತು. ಅದರ ನಡುವೆ ಕಾಲುದಾರಿ ಮೊದಲಿನ ಹಾಗೆಯೇ, ಒಬ್ಬಳೇ ನಡೆದು ಉಳಿಸಿದ ದಾರಿ, ಗೇಣಗಲ ಬೆಳ್ಳಗೆ ಗುಡ್ಡದವರೆಗೂ ಹೋಗಿತ್ತು.

*

ಕೇರಿಯ ತಿರುವಿನಲ್ಲಿ ಚಟ್ಟ ಕಾಣಿಸಿತು. ಹಿಂದೆ ಜನವೋ ಜನ. ಗಾಡಿಯವನೂ ಗಾಡಿ ಬಿಟ್ಟು ಹೆಗಲು ಕೊಟ್ಟಿದ್ದ. ಮುಂದಿನ ಎಡಗಡೆಗೆ ಪ್ಲಂಬರ್ ಹಟ ಹಿಡಿದು ಹೆಗಲು ಕೊಟ್ಟು, ಮಂಡಿ ಸೋತು, ಬೇಲಿಯ ಹತ್ತಿರ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ.

"ಒಂದು ನಿಮಿಷ ಇಳಿಸ್ರಪ್ಪಾ, ನನ್ನನ್ನೂ ಇವಳ ಜೊತೆಗೇ ಕಳಿಸಬೇಡಿ!"

"ನೆಲಕ್ಕೆ ಇಳಿಸಬೇಡಿ, ತಾಳಿ" ಎಂದು ಕೂಗಿದವನು ಯಜಮಾನ. ಶೆಡ್ಡಿಗೆ ಓಡಿದ. ಎರಡೂ ಕೈಯಲ್ಲಿ ಸ್ಟೂಲು ಹಿಡಿದು ಬಂದ, ಮತ್ತೆ ಓಡಿದ, ಮತ್ತೆ ತಂದ. ಎಲ್ಲ ಅಲ್ಲೇ ಇದ್ದವು, ಒಂದನ್ನೂ ಅವನು ಸುಟ್ಟಿರಲಿಲ್ಲ, ಒಡೆದಿರಲಿಲ್ಲ, ಧೂಳು ಕೂಡ ಕೂತಿರಲಿಲ್ಲ. ನಾಲ್ಕನ್ನು ಆ ಸಂದಿನಲ್ಲಿ ಜೋಡಿಸಿದರು. ಬೇಲಿಯ ಗೆರೆಯ ಮೇಲೆಯೇ ನೀರಕ್ಕ ಒಂದು ಗಳಿಗೆ ತನ್ನ ಸ್ಟೂಲುಗಳ ಮೇಲೆ ಮಲಗಿದ್ದಳು. ಯಜಮಾನ ಹೂವನ್ನು ಅವಳ ಕಾಲ ಬಳಿ ಇಟ್ಟ. ಮಗಳು ಅವನ ಮುಖ ನೋಡಿದಳು, ಹೂ ಜಾರದ ಹಾಗೆ ಸರಿಮಾಡಿದಳು.

ಪ್ಲಂಬರ್ ಬಿಟ್ಟ ಜಾಗಕ್ಕೆ ಬೇಲಿಯವ ಹೆಗಲು ಕೊಟ್ಟ. ಹನ್ನೆರಡೇ ನಿಮಿಷ. ಟ್ಯಾಂಕಿನ ಹತ್ತಿರ ಹೋದಾಗ ಮಗಳು ಗುಂಪಿನಿಂದ ಪಕ್ಕಕ್ಕೆ ಸರಿದು, ಯಂತ್ರದ ಬಳಿ ತಲೆ ವಾಲಿಸಿ ಕಿವಿಗೊಟ್ಟು ನಿಂತಳು. ಆಮೇಲೆ ಬಂದು ಸೇರಿಕೊಂಡಳು.

"ಸರಿಯಾಗಿದೆಯಾ?" ಬೇಲಿಯವ ಕೇಳಿದ.

"ಸರಿಯಾಗೇ ಇದೆ ಮಾವ."

*

ಮಣ್ಣು ಮಾಡಿ ಬರುವಾಗಲೂ ಜನ ಅದೇ ದಾರಿಯಲ್ಲಿ ಬಂದರು, ಯಾರೂ ಹೇಳದೆ. ಮೂರು ವರ್ಷದಿಂದ ರಸ್ತೆ ಬಳಸಿ ಸವೆದವರು ಸಸಿಗಳನ್ನು ತುಳಿಯದ ಹಾಗೆ ಒಬ್ಬರ ಹಿಂದೆ ಒಬ್ಬರು ನಡೆದರು. ಬೇಲಿಯ ಸಂದಿಗೆ ಬಂದಾಗ, ಅಲ್ಲಿದ್ದ ಸ್ಟೂಲುಗಳನ್ನು ಕಂಡು ಗುಂಪು ನಿಂತಿತು.

"ಅಯ್ಯೋ, ಇದು ನಮ್ಮನೇದು!" ಎಂದಳು ಟೈಲರಮ್ಮ, ಅಳುತ್ತಲೇ.

"ಆ ನೀಲಿ ನಮ್ಮದು."

"ಇದರ ಮೇಲೆ ನಿಂತೇ ನನ್ನ ಹೆಂಡತಿ ಇಡೀ ಮನೆಗೆ ಸುಣ್ಣ ಹೊಡೆದದ್ದು" ಎಂದ ಪ್ಲಂಬರ್. ಅದರ ಮೇಲೆ ಧೊಪ್ಪನೆ ಕೂತು, "ಅಬ್ಬಾ, ಕಡೆಗೂ!" ಎಂದ. ಸಾವಿನ ದಿನ ಎಂಬುದನ್ನು ಮರೆತು ಜನ ನಕ್ಕರು, ನಕ್ಕು ಮತ್ತೆ ಕಣ್ಣೊರೆಸಿಕೊಂಡರು. ಆಮೇಲೆ ತಮ್ಮ ತಮ್ಮ ಸ್ಟೂಲನ್ನು ಗುರುತು ಹಿಡಿದು, ಕಂಕುಳಲ್ಲಿ ಇರುಕಿಕೊಂಡು, ತಲೆಯ ಮೇಲೆ ಹೊತ್ತುಕೊಂಡು ಕೇರಿಗೆ ಇಳಿದರು. ಮಗಳು ತನ್ನ ಮನೆಯ ಮೂರನ್ನು ಒಂದರ ಮೇಲೊಂದು ಪೇರಿಸಿಕೊಂಡು ಹೋದಳು.

ಕುಂಟು ಸ್ಟೂಲೊಂದು ಉಳಿಯಿತು. ಬೇಲಿಯವನೂ ಉಳಿದ.

ಯಜಮಾನ ಸ್ವಲ್ಪ ದೂರದಲ್ಲಿ ನಿಂತಿದ್ದ. "ಮತ್ತೆ ಮುಚ್ಚೋಕೆ ಹೊಸ ತಂತಿ ಬೇಕಾ?" ಎಂದು ಕೇಳಿದ. ಕೇಳಿದ ದನಿಯಲ್ಲಿ ಬೇಕು ಎಂಬುದೂ ಇತ್ತು, ಬೇಡ ಎಂಬುದೂ ಇತ್ತು.

"ಬೇಡ. ಇರೋದೇ ಸಾಕು."

ಬೇಲಿಯವ ಸ್ಟೂಲನ್ನು ದಾರಿಯ ನಡುವೆ, ಎರಡು ಗೂಟಗಳ ಮಧ್ಯೆ ಎಳೆದು ಕೂತ. ಅದು ಕುಂಟಲಿಲ್ಲ. ಇಕ್ಕಳ ತೆಗೆದು ಎತ್ತರದ ಗೂಟದ ಮೊದಲ ಎಳೆಯ ತುದಿಯ ಮುಳ್ಳು ಕಿತ್ತ. ತುದಿಯನ್ನು ಒಳಕ್ಕೆ ಮಡಚಿ, ಗೂಟದ ಸುತ್ತ ಎರಡು ಸುತ್ತು ಸುತ್ತಿ, ಹಾದುಹೋಗುವವರ ಬಟ್ಟೆಗೆ ಸಿಕ್ಕದ ಹಾಗೆ ಒತ್ತಿ ನುಣುಪು ಮಾಡಿದ. ಬೆರಳಾಡಿಸಿ ನೋಡಿದ. ಹತ್ತು ವರ್ಷಕ್ಕೆ ಬರುವಂಥ ಕೆಲಸ. ಎರಡನೇ ಎಳೆಗೆ ಕೈ ಹಾಕಿದಾಗ ಅದು ಜಿಗಿಯಿತು. ಯಜಮಾನ ಹತ್ತಿರ ಬಂದು, ತಂತಿ ಅಲುಗದಂತೆ ತನ್ನ ಬೂಟಿನಿಂದ ಒತ್ತಿ ಹಿಡಿದ.